ಪಿಯಾಜೆಯ ಏಣಿ ಮತ್ತು ಎರಡನೆಯ ಪ್ರಶ್ನೆ

ಬಿ.ಎಡ್. ಓದಿದವರಿಗೆ, ಟಿಇಟಿ ಬರೆದವರಿಗೆ ಜೀನ್ ಪಿಯಾಜೆಯ ನಾಲ್ಕು ಹಂತಗಳನ್ನು ಮತ್ತೆ ವಿವರಿಸಬೇಕಾಗಿಲ್ಲ. 2 ವರ್ಷದವರೆಗೆ ಒಂದು, 7ರವರೆಗೆ ಇನ್ನೊಂದು, 11ರವರೆಗೆ ಮೂರ್ತ ಚಿಂತನೆ, ಅಲ್ಲಿಂದಾಚೆ ಅಮೂರ್ತ ಚಿಂತನೆ. ಈ ಕೋಷ್ಟಕ ಗೈಡುಗಳಿಂದ ಸ್ಟಾಫ್ ರೂಮಿಗೆ, ಅಲ್ಲಿಂದ ಪೋಷಕರ ಸಭೆಗೆ ಇಳಿಯುವಷ್ಟರಲ್ಲಿ ಗಾದೆಯಷ್ಟು ಗಟ್ಟಿಯಾಗಿಬಿಟ್ಟಿದೆ: ಚಿಕ್ಕ ಮಕ್ಕಳಿಗೆ ತರ್ಕ ತಿಳಿಯದು, ವಯಸ್ಸಾದಂತೆ ತಾನಾಗಿಯೇ ಬರುತ್ತದೆ. ಈ ಮಾತಿನ ಮೊದಲರ್ಧ ಅತಿಶಯೋಕ್ತಿ, ಎರಡನೆಯರ್ಧ ತಪ್ಪು ಎಂಬುದು ನನ್ನ ವಾದ.

ಪಿಯಾಜೆಯ ಮೇಲೆ ನನಗೆ ಸಿಟ್ಟಿಲ್ಲ; ಇರುವುದು ಋಣ. 1920ರ ಸುಮಾರಿಗೆ ಪ್ಯಾರಿಸ್ಸಿನಲ್ಲಿ ಮಕ್ಕಳ ಬುದ್ಧಿ ಪರೀಕ್ಷೆಗಳನ್ನು ಒರೆಗೆ ಹಚ್ಚುವ ಕೆಲಸಕ್ಕೆ ಕೂತ ಈ ತರುಣ, ಸರಿ ಉತ್ತರಗಳನ್ನು ಎಣಿಸುವುದು ಬಿಟ್ಟು ತಪ್ಪು ಉತ್ತರಗಳ ಬೆನ್ನು ಹತ್ತಿದ. ತಪ್ಪಿಗೂ ಒಂದು ಕ್ರಮವಿದೆ, ಆ ಕ್ರಮದಲ್ಲಿ ಮಗುವಿನ ಯೋಚನೆ ಕಾಣುತ್ತದೆ ಎಂಬುದು ಅವನ ದೊಡ್ಡ ಕಾಣ್ಕೆ. ಇಂಥವನನ್ನು ನಾವು ನಾಲ್ಕು ಅಂಕದ ಪ್ರಶ್ನೆಯ ಸರಿ ಉತ್ತರವನ್ನಾಗಿ ಮಾಡಿಟ್ಟಿದ್ದೇವೆ. ಅವನ ಜೊತೆ ಜಗಳವಾಡುವುದೇ ಅವನಿಗೆ ತೋರಬಹುದಾದ ಗೌರವ.

ಏಣಿಯ ಬುಡದಿಂದಲೇ ಶುರುಮಾಡೋಣ. ಎರಡು ಸಾಲಿನಲ್ಲಿ ಒಂದೇ ಸಂಖ್ಯೆಯ ಬಿಲ್ಲೆಗಳನ್ನು ಜೋಡಿಸಿ, ಎರಡರಲ್ಲೂ ಒಂದೇ ಸಮ ಇವೆಯಾ ಎಂದು ಕೇಳಿದರೆ 5 ವರ್ಷದ ಮಗು ಹೌದು ಎನ್ನುತ್ತದೆ. ಒಂದು ಸಾಲನ್ನು ಅಗಲಿಸಿ ಅದೇ ಪ್ರಶ್ನೆಯನ್ನು ಮತ್ತೆ ಕೇಳಿದರೆ, ಉದ್ದದ ಸಾಲಿನಲ್ಲೇ ಹೆಚ್ಚಿವೆ ಎನ್ನುತ್ತದೆ. ಮಗುವಿಗೆ ಸಂಖ್ಯೆಯ ಸ್ಥಿರತೆ ತಿಳಿದಿಲ್ಲ ಎಂಬುದು ಪಿಯಾಜೆಯ ತೀರ್ಮಾನ. 1974ರಲ್ಲಿ ಸ್ಕಾಟ್ಲೆಂಡಿನಲ್ಲಿ ಜೇಮ್ಸ್ ಮೆಕ್‌ಗ್ಯಾರಿಗಲ್ ಮತ್ತು ಮಾರ್ಗರೆಟ್ ಡೊನಾಲ್ಡ್‌ಸನ್ ಇದೇ ಪ್ರಯೋಗಕ್ಕೆ ಒಂದು ತುಂಟ ಕರಡಿ ಗೊಂಬೆಯನ್ನು ತಂದರು. ಈ ಸಲ ಸಾಲು ಕೆಡಿಸಿದ್ದು ದೊಡ್ಡವರಲ್ಲ, ಕರಡಿ. ಮಿಕ್ಕಿದ್ದೆಲ್ಲ ಅದೇ. ದೊಡ್ಡವರು ಕೈಯಾಡಿಸಿದಾಗ ಕೆಲವರಷ್ಟೇ ಸರಿ ಹೇಳಿದ್ದರು. ಕರಡಿ ಕೆಡಿಸಿದಾಗ ಅದೇ 4ರಿಂದ 6 ವರ್ಷದ ಮಕ್ಕಳಲ್ಲಿ ಹೆಚ್ಚಿನವರು ಎರಡೂ ಸಾಲು ಸಮ ಎಂದರು.

ಗೊಂಬೆ ಬಂದಷ್ಟಕ್ಕೇ ಮಕ್ಕಳು ಒಂದು ಹಂತ ಮೇಲೇರಿದರೆ? ಇಲ್ಲ. ಡೊನಾಲ್ಡ್‌ಸನ್ ಹೇಳುವ ಕಾರಣ ಸರಳ: ಎದುರಿಗಿರುವ ದೊಡ್ಡವರು ಬೇಕೆಂದೇ ಏನನ್ನೋ ಬದಲಿಸಿ, ಕೇಳಿದ್ದನ್ನೇ ಮತ್ತೆ ಕೇಳಿದರೆ, ಉತ್ತರವೂ ಬದಲಾಗಬೇಕು ಎಂದು ಮಗು ಊಹಿಸುತ್ತದೆ. ಅದು ಬಿಲ್ಲೆಗಳನ್ನಲ್ಲ, ಕೇಳುವವರ ಮನಸ್ಸನ್ನು ಓದುತ್ತಿದೆ. ನಮ್ಮ ತರಗತಿಗಳನ್ನು ಕಂಡವರಿಗೆ ಇದು ಹೊಸದಲ್ಲ. ‘ಇನ್ನೊಂದ್ಸಲ ಯೋಚನೆ ಮಾಡಿ ಹೇಳು’ ಎಂದು ಮೇಷ್ಟ್ರು ಹೇಳಿದ ಕೂಡಲೆ ಸರಿ ಉತ್ತರ ಕೊಟ್ಟ ಹುಡುಗನೂ ಉತ್ತರ ಬದಲಿಸುತ್ತಾನೆ. ಅವನಿಗೆ ಲೆಕ್ಕ ಬರದೆ ಅಲ್ಲ. ಎರಡನೆಯ ಪ್ರಶ್ನೆಯ ಅರ್ಥ ಚೆನ್ನಾಗಿ ಗೊತ್ತಿರುವುದರಿಂದ.

ಇಲ್ಲಿ ಪಿಯಾಜೆಯ ಪರ ವಕಾಲತ್ತು ಬರುತ್ತದೆ, ಅದನ್ನು ಹಗುರವಾಗಿ ತಳ್ಳಿಹಾಕಲಾಗದು. ಒಮ್ಮೆಗೆ ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳಬಲ್ಲ ಸಂಗತಿಗಳ ಸಂಖ್ಯೆ ವಯಸ್ಸಿನೊಂದಿಗೆ ಹೆಚ್ಚುತ್ತದೆ. ಯೋಜನೆ, ಸಂಯಮಗಳಿಗೆ ಬೇಕಾದ ಮಿದುಳಿನ ಮುಂಭಾಗ ಬಲಿಯುವುದು ಇಪ್ಪತ್ತು ದಾಟಿದ ಮೇಲೂ ಮುಂದುವರಿಯುತ್ತದೆ. ಇದನ್ನು ಒಪ್ಪುತ್ತೇನೆ. ಆದರೆ ಪಾತ್ರೆ ಎಷ್ಟು ದೊಡ್ಡದು ಎಂಬುದು ಒಂದು ಪ್ರಶ್ನೆ, ಅದರಲ್ಲಿ ಏನಿದೆ ಎಂಬುದು ಇನ್ನೊಂದು. 1978ರಲ್ಲಿ ಮಿಶೆಲಿನ್ ಚೀ ಪ್ರಕಟಿಸಿದ ಅಧ್ಯಯನದಲ್ಲಿ, ಚೆಸ್ ಬಲ್ಲ ಸುಮಾರು 10 ವರ್ಷದ ಮಕ್ಕಳು ಮಣೆಯ ಮೇಲಿನ ಕಾಯಿಗಳ ಸ್ಥಾನವನ್ನು ನೆನಪಿಡುವುದರಲ್ಲಿ, ಆಟ ಅಷ್ಟಾಗಿ ತಿಳಿಯದ ದೊಡ್ಡವರನ್ನು ಹಿಂದಿಕ್ಕಿದರು. ಬಿಡಿ ಅಂಕಿಗಳನ್ನು ನೆನಪಿಡುವಾಗ ದೊಡ್ಡವರೇ ಮುಂದು. ಚೆಸ್ ಮಣೆಯ ಮುಂದೆ ವಯಸ್ಸಿನ ಲೆಕ್ಕ ತಲೆಕೆಳಗಾಯಿತು.

ಚೆಸ್ ಏಕೆ, ನಮ್ಮ ಅಳಗುಳಿಮಣೆಯೇ ಸಾಕು. ಅಜ್ಜಿಯ ಎದುರು ಕೂತ 7 ವರ್ಷದ ಹುಡುಗಿ ಯಾವ ಗುಳಿಯಿಂದ ಹುಣಸೆಬೀಜ ಎತ್ತಿದರೆ ಕೊನೆಯ ಬೀಜ ಎಲ್ಲಿ ಬೀಳುತ್ತದೆ, ಮುಂದಿನ ಗುಳಿ ಬರಿದಾಗಿರುತ್ತದೆಯೇ, ಅಜ್ಜಿ ಅದಕ್ಕೆ ಏನು ಮಾಡಿಯಾಳು ಎಂದು ಬೀಜ ಮುಟ್ಟುವ ಮೊದಲೇ ಲೆಕ್ಕ ಹಾಕುತ್ತಾಳೆ. ‘ಹೀಗಾದರೆ ಹಾಗೆ’ ಎಂಬ ಊಹಾತ್ಮಕ ತರ್ಕಕ್ಕೆ ಕೋಷ್ಟಕದ ಪ್ರಕಾರ ಅವಳು ಇನ್ನೂ ನಾಲ್ಕು ವರ್ಷ ಕಾಯಬೇಕು. ಬೀಜಗಳು ಕಣ್ಣೆದುರೇ ಇವೆಯಲ್ಲ, ಇದು ಮೂರ್ತವೇ ತಾನೆ ಎಂದು ಯಾರಾದರೂ ಆಕ್ಷೇಪಿಸಬಹುದು. ಮಣೆ ಕಣ್ಣೆದುರಿದೆ, ನಿಜ. ಅಜ್ಜಿಯ ಮುಂದಿನ ಆಟ ಕಣ್ಣೆದುರಿಲ್ಲ.

ಈಗ ಏಣಿಯ ತುದಿಗೆ ಬರೋಣ. ನನ್ನ ನಿಜವಾದ ತಕರಾರು ಇರುವುದು ಅಲ್ಲಿ. 1966ರಲ್ಲಿ ಪೀಟರ್ ವೇಸನ್ ಒಡ್ಡಿದ ಪ್ರಸಿದ್ಧ ಸಮಸ್ಯೆಯನ್ನು ಕನ್ನಡಕ್ಕೆ ಹೊಂದಿಸಿಕೊಳ್ಳಿ. ಮೇಜಿನ ಮೇಲೆ ನಾಲ್ಕು ಕಾರ್ಡು: ಅ, ಕ, 4, 7. ಪ್ರತಿ ಕಾರ್ಡಿನ ಒಂದು ಬದಿ ಅಕ್ಷರ, ಇನ್ನೊಂದು ಬದಿ ಅಂಕಿ. ಸ್ವರದ ಹಿಂಬದಿಯಲ್ಲಿ ಸಮಸಂಖ್ಯೆ ಇರಬೇಕು ಎಂಬುದು ನಿಯಮ. ನಿಯಮ ನಿಜವೇ ಎಂದು ತಿಳಿಯಲು ಯಾವ ಕಾರ್ಡುಗಳನ್ನು ತಿರುಗಿಸಬೇಕು? ‘ಅ’ ಮತ್ತು ‘7’. ಆದರೆ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಲ್ಲೂ ತೀರಾ ಕೆಲವರಷ್ಟೇ ಇದನ್ನು ಸರಿಯಾಗಿ ಹೇಳುತ್ತಾರೆ. ಬಹುಪಾಲು ಜನ 4ನ್ನು ತಿರುಗಿಸುತ್ತಾರೆ, 7ರ ಗೋಜಿಗೇ ಹೋಗುವುದಿಲ್ಲ. ಇದೇ ಸಮಸ್ಯೆಯನ್ನು 1982ರಲ್ಲಿ ಗ್ರಿಗ್ಸ್ ಮತ್ತು ಕಾಕ್ಸ್, ಬಿಯರ್ ಕುಡಿಯುವವರಿಗೆ ಕಾನೂನಿನ ವಯಸ್ಸು ಆಗಿದೆಯೇ ಎಂದು ಪರಿಶೀಲಿಸುವ ಪೊಲೀಸರ ಕೆಲಸವಾಗಿ ಬದಲಿಸಿದಾಗ, ಸುಮಾರು ಮುಕ್ಕಾಲು ಪಾಲು ವಿದ್ಯಾರ್ಥಿಗಳು ಸರಿ ಹೇಳಿದರು. ತರ್ಕ ಒಂದೇ, ಹಿನ್ನೆಲೆಯ ಪರಿಚಯ ಬೇರೆ. 20 ವರ್ಷದವರೂ ಅಪರಿಚಿತ ನೆಲದಲ್ಲಿ 5 ವರ್ಷದವರಂತೆ ಎಡವುತ್ತಾರೆ ಎಂದ ಮೇಲೆ ‘ಅಮೂರ್ತ ಹಂತ’ ಎಂಬ ಮೇಲಿನ ಮೆಟ್ಟಿಲು ಎಲ್ಲಿದೆ? ಸ್ವತಃ ಪಿಯಾಜೆಯೇ 1972ರ ಲೇಖನವೊಂದರಲ್ಲಿ ಪಟ್ಟು ಸಡಿಲಿಸಿದ: ಈ ಹಂತ ಕೆಲವರಲ್ಲಿ 15ರಿಂದ 20ರ ನಡುವೆ ಬರಬಹುದು, ಅದೂ ಅವರವರ ಒಲವು ಮತ್ತು ವೃತ್ತಿಯ ಕ್ಷೇತ್ರದಲ್ಲಿ. ಈ ತಿದ್ದುಪಡಿ ನಮ್ಮ ಗೈಡುಗಳಿಗೆ ಇನ್ನೂ ತಲುಪಿಲ್ಲ.

ಡಿಯಾನಾ ಕುನ್ ಹದಿಹರೆಯದವರಿಂದ ಹಿಡಿದು ಅರವತ್ತು ದಾಟಿದವರವರೆಗೆ 160 ಜನರನ್ನು, ಕೈದಿಗಳು ಬಿಡುಗಡೆಯಾದ ಮೇಲೂ ಮತ್ತೆ ಅಪರಾಧ ಮಾಡುವುದೇಕೆ ಎಂಬಂಥ ಪ್ರಶ್ನೆಗಳನ್ನಿಟ್ಟು ಮಾತಾಡಿಸಿದರು. ನಿಮ್ಮ ಮಾತಿಗೆ ಪುರಾವೆ ಏನು, ಒಪ್ಪದವರು ಏನೆಂದಾರು ಎಂದೂ ಕೇಳಿದರು. 1991ರಲ್ಲಿ ಪ್ರಕಟವಾದ ಫಲಿತಾಂಶ: ಬಹಳ ಜನ ಪುರಾವೆ ಕೇಳಿದರೆ ಕತೆ ಹೇಳಿದರು, ಮತ್ತು ಹದಿಹರೆಯದಿಂದಾಚೆ ವಯಸ್ಸು ಇದರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ತರಲಿಲ್ಲ. ವ್ಯತ್ಯಾಸ ತಂದದ್ದು ಶಿಕ್ಷಣ. ತಲೆ ನೆರೆದಷ್ಟಕ್ಕೆ ವಾದ ಮಾಗುವುದಿಲ್ಲ. ಶಿಕ್ಷಣವೂ ಎಲ್ಲೆಡೆ ಕೈಹಿಡಿಯುವುದಿಲ್ಲ ಎಂಬುದಕ್ಕೆ ನಮ್ಮ ಮನೆಗಳೇ ಸಾಕ್ಷಿ: ಬೆಳಗ್ಗೆ ಬೋರ್ಡಿನ ಮೇಲೆ ಸೂರ್ಯ, ಚಂದ್ರ, ಭೂಮಿಯ ನೆರಳನ್ನು ತಪ್ಪಿಲ್ಲದೆ ಬರೆದವರೇ ಗ್ರಹಣ ಬಿಡುವವರೆಗೆ ಅನ್ನ ಮುಟ್ಟದೆ ಕೂರುತ್ತಾರೆ.

ಹಾಗಾದರೆ ಮತ್ತೆ ಮಗ್ಗಿ ಬಾಯಿಪಾಠಕ್ಕೆ ಮರಳಬೇಕೆ ಎಂದು ಕೇಳುವವರಿದ್ದಾರೆ. ಯೋಚನೆಗೆ ಸರಕು ಬೇಕು, ಸರಕಿಲ್ಲದ ‘ವಿಮರ್ಶಾತ್ಮಕ ಚಿಂತನೆ’ ಬರೀ ಘೋಷಣೆ ಎಂಬ ಅವರ ಮಾತಿನಲ್ಲಿ ಸತ್ಯವಿದೆ. ಮಗ್ಗಿ ಬಂದ ಮಗುವಿಗೆ ಲೆಕ್ಕದ ಮೇಲೆ ಮನಸ್ಸಿಡಲು ಪುರಸೊತ್ತು ಸಿಗುತ್ತದೆ. ಆದರೆ ಆ ಪುರಸೊತ್ತನ್ನು ನಾವು ಯಾವುದಕ್ಕೆ ಬಳಸಿದ್ದೇವೆ? ಇನ್ನೊಂದು ಮಗ್ಗಿಗೆ. ಬಾಯಿಪಾಠ ಬೇಡ, ಚಟುವಟಿಕೆಯ ಮೂಲಕವೇ ಕಲಿಸಿ ಎನ್ನುವ ಪಕ್ಷದವರೂ ಇದಕ್ಕೆ ಉತ್ತರಿಸಿಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ವಿಮರ್ಶಾತ್ಮಕ ಚಿಂತನೆಯನ್ನು ಹೊಗಳುತ್ತಲೇ, ಹೆಚ್ಚು ಅಮೂರ್ತ ವಿಷಯಗಳಿಗೆ ಮಕ್ಕಳು ಸಿದ್ಧರಾಗುವುದು 11ರಿಂದ 14ರ ಮಧ್ಯಮ ಹಂತದಲ್ಲಿ ಎಂದು ಭಾವಿಸುತ್ತದೆ. ಹಳೆಯ ಏಣಿಯೇ, ಬಣ್ಣ ಹೊಸದು.

ನನ್ನ ತೀರ್ಪು ಇದು. ವಯಸ್ಸು ಕೊಡುವುದು ಅವಕಾಶವನ್ನು ಮಾತ್ರ. ಅದನ್ನು ಯೋಚನೆಯಾಗಿಸುವುದು ಎರಡು ಸಂಗತಿ: ವಿಷಯದ ಪರಿಚಯ, ಮತ್ತು ದೊಡ್ಡವರ ಮುಖ ನೋಡದೆ ಉತ್ತರಿಸುವ ಧೈರ್ಯ. ಮೊದಲನೆಯದನ್ನು ಶಾಲೆಗಳು ಹೇಗೋ ಕೊಡುತ್ತವೆ. ಎರಡನೆಯದನ್ನು ಮಗು 5ನೆಯ ವರ್ಷದಲ್ಲೇ ಕಳೆದುಕೊಳ್ಳಲು ಶುರುಮಾಡುತ್ತದೆ. ಮೇಲಧಿಕಾರಿ ಹುಬ್ಬೇರಿಸಿದೊಡನೆ ತಮ್ಮ ಟಿಪ್ಪಣಿಯನ್ನು ತಿದ್ದಿಬಿಡುವ 40 ವರ್ಷದ ಗುಮಾಸ್ತರಿಗೆ ತರ್ಕ ಬರುವುದಿಲ್ಲ ಎಂದು ಯಾರು ಹೇಳುತ್ತಾರೆ? ಎರಡನೆಯ ಪ್ರಶ್ನೆಯ ಪಾಠವನ್ನು ಅವರು ಚೆನ್ನಾಗಿಯೇ ಕಲಿತಿದ್ದಾರೆ.

ಮೇಷ್ಟ್ರುಗಳಲ್ಲಿ, ತಾಯಿತಂದೆಯರಲ್ಲಿ ನನ್ನದೊಂದೇ ಕೋರಿಕೆ. ‘ಹೇಗೆ ಗೊತ್ತಾಯ್ತು?’ ಎಂಬ ಪ್ರಶ್ನೆಯನ್ನು ನಾವು ಮಗು ತಪ್ಪಿದಾಗ ಮಾತ್ರ ಕೇಳುತ್ತೇವೆ. ಹಾಗಾಗಿ ಅದು ಮಗುವಿನ ಕಿವಿಗೆ ‘ನೀನು ತಪ್ಪು’ ಎಂದೇ ಕೇಳಿಸುತ್ತದೆ. ಸರಿ ಹೇಳಿದಾಗಲೂ ಅದನ್ನು ಕೇಳಿ.