ಕ್ರೋಧದ ಅಳತೆ

ಕ್ರೋಧವು ರೌದ್ರರಸಕ್ಕೆ ಸ್ಥಾಯಿಭಾವವೆಂಬುದು ಭರತಮುನಿಯ ಕಾಲದಿಂದ ಲಾಕ್ಷಣಿಕರು ಒಪ್ಪಿಕೊಂಡು ಬಂದ ಮಾತು. ಆದರೆ ಆ ಕ್ರೋಧವು ಒಂದು ಕೃತಿಯಲ್ಲಿ ಎಷ್ಟು ಹೊತ್ತು ನಿಲ್ಲಬಲ್ಲದೆಂಬುದು ಬೇರೆಯೇ ಪ್ರಶ್ನೆ. ಶೋಕಕ್ಕೆ ದೀರ್ಘವಿಲಾಪವು ಒಪ್ಪುವುದು. ರತಿಗೆ ವಿರಹದ ನೀಳವಾದ ದಾರಿಯೇ ಶೋಭೆಯನ್ನು ತರುವುದು. ಕೋಪದ ಸ್ವಭಾವವು ಹಾಗಲ್ಲ. ಅದು ಒಣಹುಲ್ಲಿಗೆ ತಗುಲಿದ ಬೆಂಕಿಯಂತೆ ಥಟ್ಟನೆ ಎದ್ದು ಥಟ್ಟನೆ ಆರುವುದು. ಆರಿದ ಮೇಲೆಯೂ ಉರಿಯುತ್ತಿರುವಂತೆ ನಟಿಸಿದರೆ ಉಳಿಯುವುದು ಬರಿಯ ಆರ್ಭಟ. ಈ ಸೂಕ್ಷ್ಮವನ್ನು ೧೯೮೦ರ ದಶಕದಲ್ಲಿ ಒರೆಗೆ ಹಚ್ಚಿದವರು ಪಂಡಿತರಲ್ಲ. ಗಿಟಾರುಗಳನ್ನೂ ಡ್ರಮ್ಮುಗಳನ್ನೂ ಹಿಡಿದು ಮನೆಯವರ ನಿದ್ದೆ ಕೆಡಿಸುತ್ತಿದ್ದ ಅಮೆರಿಕದ ಎಳೆಯ ತರುಣರು. ಹಾರ್ಡ್‌ಕೋರ್ ಪಂಕ್ ಎಂದೂ, ಅನಂತರ ಕ್ರಾಸೋವರ್ ಥ್ರಾಶ್ ಎಂದೂ ಹೆಸರಾದ ಅವರ ಸಂಗೀತದ ರಿಕಾರ್ಡುಗಳಲ್ಲಿ ಬಹಳವನ್ನು ಕೇಳಿದವರು ಅಂದೂ ಕೆಲವರೇ, ಇಂದೂ ಕೆಲವರೇ.

ಇಂಥ ಗದ್ದಲಕ್ಕೆ ವಿಮರ್ಶೆಯೇತಕ್ಕೆಂದು ಆಕ್ಷೇಪಿಸುವವರುಂಟು. ಗದ್ದಲವೆಂಬುದು ನಿಜವೇ. ಆದರೆ ಗದ್ದಲದಲ್ಲಿಯೂ ತಕ್ಕದ್ದು ಯಾವುದು, ತಗದ್ದು ಯಾವುದೆಂಬ ಭೇದವಿದ್ದರೆ ಅಲ್ಲಿ ಕಲೆಯು ತಲೆಯೆತ್ತಿದೆಯೆಂದೇ ತಿಳಿಯಬೇಕು. ಔಚಿತ್ಯವೇ ರಸಕ್ಕೆ ಜೀವವೆಂದು ಕ್ಷೇಮೇಂದ್ರನು ಪ್ರತಿಪಾದಿಸಿದುದು ಮಧುರವಾದ ಕೃತಿಗಳಿಗೆ ಮಾತ್ರ ಸಲ್ಲುವ ನಿಯಮವಲ್ಲವಷ್ಟೆ.

ಈ ಸಂಗೀತವು ಹುಟ್ಟಿದ ಸಂದರ್ಭವನ್ನು ಮೊದಲು ತಿಳಿಯತಕ್ಕದ್ದು. ೧೯೭೦ರ ದಶಕದ ನಡುವಿನಲ್ಲಿ ನ್ಯೂಯಾರ್ಕ್, ಲಂಡನ್ ನಗರಗಳಲ್ಲಿ ತಲೆದೋರಿದ ಪಂಕ್ ಸಂಗೀತವು ದಶಕವು ಮುಗಿಯುವ ಹೊತ್ತಿಗೆ ಪೇಟೆಯ ಸರಕಾಗುತ್ತ ಬಂದಿತ್ತು. ಆಗ ಕ್ಯಾಲಿಫೋರ್ನಿಯದ ಬ್ಲ್ಯಾಕ್ ಫ್ಲ್ಯಾಗ್, ವಾಷಿಂಗ್ಟನ್ನಿನ ಬ್ಯಾಡ್ ಬ್ರೇನ್ಸ್, ಮೈನರ್ ಥ್ರೆಟ್ ಮೊದಲಾದ ಮೇಳಗಳು ಅದನ್ನು ಇನ್ನಷ್ಟು ಚಿಕ್ಕದಾಗಿಯೂ ಬಿರುಸಾಗಿಯೂ ನುಡಿಸತೊಡಗಿದುವು. ತರುಣರು ಸೈನ್ಯದ ಕರೆಪಟ್ಟಿಯಲ್ಲಿ ಹೆಸರು ಬರೆಯಿಸಬೇಕೆಂಬ ನಿಯಮವು ೧೯೮೦ರಲ್ಲಿ ಆ ದೇಶದಲ್ಲಿ ಮತ್ತೆ ಜಾರಿಗೆ ಬಂದಿತ್ತು. ೧೯೮೧ರಿಂದ ೧೯೮೯ರ ವರೆಗೆ ರೊನಾಲ್ಡ್ ರೇಗನ್ನರು ಅಧ್ಯಕ್ಷರಾಗಿದ್ದರು. ಅಣ್ವಸ್ತ್ರಗಳ ಭೀತಿಯು ಮನೆಮನೆಯ ಮಾತಾಗಿತ್ತು. ಹದಿನೆಂಟು ವರ್ಷದ ಹುಡುಗನಿಗೆ ಭವಿಷ್ಯವೆಂಬುದು ಯಾರೋ ಬೇರೆಯವರ ಬೆರಳ ತುದಿಯಲ್ಲಿದ್ದಂತೆ ತೋರಿದರೆ ಆಶ್ಚರ್ಯವೇನು? ಹೇಳಬೇಕಾದುದು ತುರ್ತಾಗಿತ್ತು, ಹೇಳಲು ಅವಕಾಶವು ಕಿರಿದಾಗಿತ್ತು. ದೊಡ್ಡ ಕಂಪನಿಗಳು ಬಾಗಿಲು ತೆರೆಯುವಂತಿರಲಿಲ್ಲವಾದುದರಿಂದ ಮೇಳದವರು ತಮ್ಮ ಕೈಹಣದಿಂದಲೇ ತಟ್ಟೆಗಳನ್ನು ಅಚ್ಚುಹಾಕಿಸಿ ಅಂಚೆಯಲ್ಲಿ ಹಂಚಿದರು.

ಈ ಪರಿಯ ರಿಕಾರ್ಡುಗಳಲ್ಲಿ ಟೆಕ್ಸಾಸಿನ ಹ್ಯೂಸ್ಟನ್ನಿನಲ್ಲಿ ಹುಟ್ಟಿದ ಡಿ. ಆರ್. ಐ. ಮೇಳದ ಮೊದಲ ತಟ್ಟೆಯನ್ನು ಮಾದರಿಯಾಗಿ ಎತ್ತಿಕೊಳ್ಳಬಹುದು. ಮೇಳದ ಪೂರ್ಣನಾಮವು ಡರ್ಟಿ ರಾಟನ್ ಇಂಬೆಸಿಲ್ಸ್, ಎಂದರೆ ಕೊಳಕು ಕೊಳೆತ ಮತಿಹೀನರು. ಗಾಯಕ ಕರ್ಟ್ ಬ್ರೆಕ್ಟ್ ಮತ್ತು ಡ್ರಮ್ಮು ಬಾರಿಸುತ್ತಿದ್ದ ಆತನ ಸಹೋದರ ಎರಿಕ್ ಇವರು ಮನೆಯಲ್ಲಿ ಅಭ್ಯಾಸ ಮಾಡುತ್ತಿದ್ದಾಗ ಸದ್ದನ್ನು ತಾಳಲಾರದೆ ತಂದೆಯು ಬೈದ ಬೈಗುಳದಿಂದಲೇ ಆ ಹೆಸರು ಬಂದಿತು. ಬೈಗುಳವನ್ನು ಬಿರುದಾಗಿ ಧರಿಸುವ ಈ ಧೋರಣೆಯಲ್ಲಿ ಮೇಳದ ಹಾಸ್ಯಬುದ್ಧಿಯು ವ್ಯಕ್ತವಾಗುವುದು. ತನ್ನನ್ನು ಕಂಡು ನಗಬಲ್ಲವನ ಕೋಪವನ್ನು ಕೇಳುವವರು ಬೇಗನೆ ನಂಬುವರು.

೧೯೮೨ರ ಕೊನೆಯಲ್ಲಿ ಧ್ವನಿಮುದ್ರಿತವಾಗಿ ೧೯೮೩ರಲ್ಲಿ ಹೊರಬಂದ ಆ ತಟ್ಟೆಯ ಅಗಲವು ೭ ಅಂಗುಲ. ಅದರಲ್ಲಿ ಅಡಗಿದ ಹಾಡುಗಳು ೨೨. ಒಟ್ಟು ಕಾಲವು ಸುಮಾರು ೧೮ ನಿಮಿಷ. ಅಚ್ಚಾದ ಪ್ರತಿಗಳು ೧,೦೦೦. ಸಾಮಾನ್ಯವಾಗಿ ಇಷ್ಟು ಚಿಕ್ಕ ತಟ್ಟೆಯ ಒಂದೊಂದು ಮೈಗೆ ಒಂದೆರಡು ಹಾಡುಗಳನ್ನು ತುಂಬುವುದು ವಾಡಿಕೆ. ಹಾಡುಗಳು ಹೆಚ್ಚಿದಷ್ಟೂ ಮುಳ್ಳು ಓಡುವ ಗೆರೆಗಳನ್ನು ಒತ್ತೊತ್ತಾಗಿ ಕೊರೆಯಬೇಕಾಗುವುದು. ಗೆರೆಗಳು ಒತ್ತಾದಷ್ಟೂ ಧ್ವನಿಯು ಕುಗ್ಗುವುದು. ಆದುದರಿಂದ ಇದೇ ಹಾಡುಗಳನ್ನು ಮುಂದೆ ೧೨ ಅಂಗುಲದ ದೊಡ್ಡ ತಟ್ಟೆಯಲ್ಲಿ ಮತ್ತೆ ಅಚ್ಚುಹಾಕಿಸಲಾಯಿತು. ಆದರೆ ಮೊದಲ ತಟ್ಟೆಯ ಇಕ್ಕಟ್ಟಿನಲ್ಲಿಯೇ ಒಂದು ಅರ್ಥವಿತ್ತು. ನೆರೆ ಬಂದಾಗ ಒಂದೇ ಹರಿಗೋಲಿನಲ್ಲಿ ಮನೆಯ ಸಾಮಾನನ್ನೆಲ್ಲ ತುಂಬಿಕೊಳ್ಳುವವರಂತೆ, ಇನ್ನೊಂದು ಅವಕಾಶವು ದೊರೆಯುವುದೋ ಇಲ್ಲವೋ ಎಂಬ ತವಕದಿಂದ ಇದ್ದುದನ್ನೆಲ್ಲ ತುರುಕಿದ ತಟ್ಟೆಯದು.

ಆ ಹಾಡುಗಳ ಚಿಕ್ಕತನವು ಬಡತನವಲ್ಲ. ಪಲ್ಲವಿಯ ಪುನರಾವರ್ತನೆ, ಗಿಟಾರಿನ ಒಂಟಿ ವಿಸ್ತಾರ, ಪೀಠಿಕೆ, ಇವನ್ನೆಲ್ಲ ಕಿತ್ತೆಸೆದ ಮೇಲೆ ಉಳಿಯುವುದು ಹೇಳತಕ್ಕ ವಿಷಯವೊಂದೇ. ಯುದ್ಧಕ್ಕೆ ಕರೆಬಂದ ತರುಣನು ಸಮಾಜದ ಹಂಗನ್ನೇ ಹರಿದುಕೊಳ್ಳುವ ‘ಐ ಡೋಂಟ್ ನೀಡ್ ಸೊಸೈಟಿ’ ಎಂಬ ಹಾಡು ಇದಕ್ಕೆ ನಿದರ್ಶನ. ಅದರಲ್ಲಿ ವಾದವಿಲ್ಲ, ಸಮರ್ಥನೆಯಿಲ್ಲ. ಬಾಗಿಲನ್ನು ದಡಾರನೆ ಮುಚ್ಚಿದ ಸದ್ದು ಮಾತ್ರವಿದೆ. ಆ ಸದ್ದಿಗೆ ಅಷ್ಟೇ ಕಾಲ ಸಾಕು. ರೇಗನ್ನರ ಅರ್ಥನೀತಿಯನ್ನು ಕುರಿತ ‘ರೇಗನಾಮಿಕ್ಸ್’ ಎಂಬುದು ಒಂದು ನಿಮಿಷವನ್ನೂ ಮುಟ್ಟದು. ಆದರೆ ಅರ್ಥಶಾಸ್ತ್ರದ ಚರ್ಚೆಯನ್ನು ಅಲ್ಲಿ ಯಾರೂ ಅರಸುವುದಿಲ್ಲ. ಹಸಿದವನ ಬೈಗುಳಕ್ಕೆ ಅಷ್ಟೇ ಉಸಿರಿರುವುದು.

ಹಾಗೆಂದು ಈ ತಟ್ಟೆಯೆಲ್ಲವೂ ನಿರ್ದುಷ್ಟವೆಂದು ಹೇಳಲಾಗದು. ೨೨ ಹಾಡುಗಳಲ್ಲಿ ಕೆಲವು ಬರಿಯ ತುಣುಕುಗಳು. ಒಂದಕ್ಕೂ ಇನ್ನೊಂದಕ್ಕೂ ಭೇದವು ಕಿವಿಗೆ ಹತ್ತುವ ಮೊದಲೇ ಮುಗಿದುಹೋಗುವುವು. ವೇಗವೊಂದನ್ನೇ ನಂಬಿದ ಕಲೆಗೆ ಇದು ತಪ್ಪದ ಅಪಾಯ. ಎಲ್ಲವೂ ದ್ರುತವಾದಾಗ ದ್ರುತವೆಂಬುದೇ ಇಲ್ಲವಾಗುವುದು. ವಿಳಂಬವಿದ್ದಲ್ಲಿ ಮಾತ್ರ ದ್ರುತದ ಬೆಲೆಯು ಗೋಚರಿಸುವುದು.

ಈ ಸತ್ಯವನ್ನು ಚೆನ್ನಾಗಿ ಅರಿತಿದ್ದವರು ಮ್ಯಾಸಚೂಸೆಟ್ಸಿನ ವೇಮತ್ ಎಂಬ ಊರಿನ ಸೀಜ್ ಮೇಳದವರು. ಸೀಜ್ ಎಂದರೆ ಮುತ್ತಿಗೆ. ೧೯೮೪ರಲ್ಲಿ ಅವರು ಧ್ವನಿಮುದ್ರಿಸಿದ ‘ಡ್ರಾಪ್ ಡೆಡ್’ ಎಂಬುದು ಆಗ ತಟ್ಟೆಯಾಗಿಯೂ ಹೊರಬರಲಿಲ್ಲ. ಆರು ಹಾಡುಗಳ ಕ್ಯಾಸೆಟ್ಟಾಗಿ ಕೈಯಿಂದ ಕೈಗೆ, ಅಂಚೆಯಿಂದ ಅಂಚೆಗೆ, ಪ್ರತಿಯ ಮೇಲೆ ಪ್ರತಿಯಾಗಿ ಹಬ್ಬಿತು. ಅದೇ ಕಾಲದ ಇನ್ನು ಮೂರು ಹಾಡುಗಳು ೧೯೮೫ರ ‘ಕ್ಲೆನ್ಸ್ ದಿ ಬ್ಯಾಕ್ಟೀರಿಯ’ ಎಂಬ ಸಂಕಲನದಲ್ಲಿ ಸೇರಿದುವು. ಮೇಳವೂ ಹೆಚ್ಚು ಕಾಲ ಬಾಳಲಿಲ್ಲ. ಅದರ ಡ್ರಮ್ಮಿನ ವೇಗವು ಆ ದಿನಗಳಿಗೆ ಅಸಾಧಾರಣವಾಗಿತ್ತು. ಆದರೆ ಕ್ಯಾಸೆಟ್ಟಿನ ಹಿರಿಮೆಯು ವೇಗದಲ್ಲಿಲ್ಲ, ಅದರ ಜೋಡಣೆಯಲ್ಲಿದೆ. ಐದು ಹಾಡುಗಳು ಬಿರುಗಾಳಿಯಂತೆ ಬೀಸಿಹೋದ ಮೇಲೆ ‘ಗ್ರಿಮ್ ರೀಪರ್’ ಎಂಬ ಕೊನೆಯ ಹಾಡು ಸುಮಾರು ಏಳು ನಿಮಿಷ ನೆಲದ ಮೇಲೆ ತೆವಳುವಂತೆ ಸಾಗುವುದು. ಅದರಲ್ಲಿ ಗಾಯಕ ಕೆವಿನ್ ಮಹೋನಿ ಸ್ಯಾಕ್ಸೊಫೋನನ್ನು ಆಕ್ರಂದಿಸುವಂತೆ ಊದುವನು. ಅಲ್ಲಿಗೆ ಕ್ರೋಧವು ಭಯಾನಕವಾಗಿ ಮಾರ್ಪಡುವುದು. ಕೋಪದ ಬುಡದಲ್ಲಿ ಇದ್ದುದು ಸಾವಿನ ಅಂಜಿಕೆಯೆಂಬುದು ಮಾತಿಲ್ಲದೆಯೇ ಕೇಳುಗನ ಎದೆಗೆ ತಾಕುವುದು. ರಸವು ರಸಾಂತರಕ್ಕೆ ದಾರಿಮಾಡಿಕೊಡುವ ಇಂಥ ಸಂಯೋಜನೆಯು ಈ ಬಗೆಯ ಕೃತಿಗಳಲ್ಲಿ ವಿರಳ.

ಸೀಜ್ ಮೇಳದ ವೇಗವನ್ನು ಇಂಗ್ಲೆಂಡಿನ ನೇಪಾಮ್ ಡೆತ್ ಮೊದಲಾದ ಮೇಳಗಳು ಎತ್ತಿಕೊಂಡುವು. ೧೯೮೭ರಲ್ಲಿ ಹೊರಬಂದ ಅವರ ‘ಸ್ಕಮ್’ ಎಂಬ ತಟ್ಟೆಯಲ್ಲಿ ‘ಯೂ ಸಫರ್’ ಎಂಬ ಹಾಡು ಸುಮಾರು ಒಂದೂಕಾಲು ಸೆಕೆಂಡಿನಲ್ಲಿ ಮುಗಿಯುವುದು. ಜಗತ್ತಿನ ಅತಿ ಚಿಕ್ಕ ಹಾಡೆಂದು ಅದು ದಾಖಲೆಯನ್ನೂ ಸ್ಥಾಪಿಸಿತು. ಸಂಕ್ಷೇಪವು ಇಲ್ಲಿ ತುದಿಯನ್ನು ಮುಟ್ಟಿದೆ. ಆದರೆ ತುದಿಯನ್ನು ಮುಟ್ಟಿದ ಮಾತ್ರಕ್ಕೆ ಸಾರ್ಥಕವಾಯಿತೆನ್ನಲಾಗದು. ಒಮ್ಮೆ ಕೇಳಿ ಬೆರಗಾಗಬಹುದು, ನಗಬಹುದು. ಎರಡನೆಯ ಸಲ ಕೇಳಲು ಅಲ್ಲಿ ಉಳಿದಿರುವುದೇನು? ಚಮತ್ಕಾರಕ್ಕೂ ರಸಕ್ಕೂ ಇರುವ ಅಂತರವಿದು.

ವೇಗವೇ ತನ್ನನ್ನು ತಿಂದುಹಾಕುವ ಈ ಅಪಾಯದಿಂದ ಪಾರಾಗಲು ಅಮೆರಿಕದ ಹಲವು ಮೇಳಗಳು ಹೆವಿಮೆಟಲ್ ಸಂಗೀತದತ್ತ ಕೈಚಾಚಿದುವು. ಈ ಎರಡು ಬಳಗಗಳಿಗೂ ಆಗ ಹಗೆತನವಿತ್ತು. ಉದ್ದಗೂದಲಿನ ಮೆಟಲ್ ಹುಡುಗರೂ ಬೋಳುತಲೆಯ ಪಂಕ್ ಹುಡುಗರೂ ಒಂದೇ ಸಭಾಂಗಣದಲ್ಲಿ ಸೇರಿದರೆ ಹೊಡೆದಾಟವಾಗುತ್ತಿದ್ದುದುಂಟು. ಆದರೂ ತಂತಿಯನ್ನು ಅಂಗೈಯಂಚಿನಿಂದ ಒತ್ತಿ ಹಿಡಿದು ಕಡಿದು ನುಡಿಸುವ ಕ್ರಮ, ಹಾಡನ್ನು ಭಾಗಭಾಗವಾಗಿ ಕಟ್ಟುವ ರೀತಿ, ವೇಗದ ನಡುವೆ ಥಟ್ಟನೆ ಕಾಲವನ್ನಿಳಿಸುವ ಜಾಣ್ಮೆ, ಇವು ಮೆಟಲಿನಿಂದ ಹಾರ್ಡ್‌ಕೋರಿಗೆ ಬಂದುವು. ಉತ್ತರ ಕ್ಯಾರೊಲೈನದ ರಾಲಿ ನಗರದ ಕರೋಶನ್ ಆಫ್ ಕನ್‌ಫಾರ್ಮಿಟಿ ಎಂಬ ಮೇಳವು ೧೯೮೪ರ ‘ಐ ಫಾರ್ ಆನ್ ಐ’ ತಟ್ಟೆಯಿಂದ ೧೯೮೫ರ ‘ಅನಿಮಾಸಿಟಿ’ ತಟ್ಟೆಗೆ ಬರುವಷ್ಟರಲ್ಲಿ ಈ ಭಾರವನ್ನು ಮೈಗೂಡಿಸಿಕೊಂಡಿತು. ಅಲ್ಲಿ ಗಿಟಾರು ಓಡುವುದಷ್ಟೇ ಅಲ್ಲ, ನಿಂತು ಹೆಜ್ಜೆಯೂರುವುದು.

ಡಿ. ಆರ್. ಐ. ಮೇಳವು ೧೯೮೩ರಲ್ಲಿ ಹ್ಯೂಸ್ಟನ್ನನ್ನು ಬಿಟ್ಟು ಸ್ಯಾನ್ ಫ್ರಾನ್ಸಿಸ್ಕೋ ನಗರಕ್ಕೆ ಹೋಯಿತು. ಮೇಳದವರು ವ್ಯಾನಿನಲ್ಲಿಯೇ ಮಲಗುತ್ತ, ಧರ್ಮಾರ್ಥವಾಗಿ ಅನ್ನ ಹಾಕುವ ಮನೆಗಳಲ್ಲಿ ಉಣ್ಣುತ್ತ ಕಾಲ ಕಳೆದರು. ೧೯೮೫ರಲ್ಲಿ ಪ್ರಕಟವಾದ ‘ಡೀಲಿಂಗ್ ವಿತ್ ಇಟ್’ ಎಂಬ ಅವರ ತಟ್ಟೆಯಲ್ಲಿ ಆ ಬಾಳಿನ ಕುರುಹುಗಳಿವೆ. ‘ಸೂಪ್ ಕಿಚನ್’ ಎಂಬ ಹಾಡಿನ ಹೆಸರೇ ಆ ಅನ್ನದ ಮನೆಯನ್ನು ಹೇಳುವುದು. ಇದರಲ್ಲಿ ೨೫ ಹಾಡುಗಳಿದ್ದು, ಮೊದಲ ತಟ್ಟೆಯ ಕೆಲವನ್ನು ಹೊಸದಾಗಿ ನುಡಿಸಿದೆ. ಆದರೆ ಗಿಟಾರುವಾದಕ ಸ್ಪೈಕ್ ಕ್ಯಾಸಿಡಿಯ ಕೈ ಈಗ ಪಳಗಿದೆ. ಹಾಡಿಗೆ ಆದಿ ಮಧ್ಯ ಅಂತಗಳು ಕಾಣಿಸಿಕೊಂಡಿವೆ. ಆದರೂ ಯಾವುದೂ ಹೇಳುವುದು ಮುಗಿದ ಮೇಲೆ ಕಾಲೆಳೆಯುತ್ತಿಲ್ಲ. ವೃದ್ಧಾಶ್ರಮದಲ್ಲಿ ಬಿಟ್ಟುಹೋದ ಮುದಿಜೀವವನ್ನು ಕುರಿತ ‘ನರ್ಸಿಂಗ್ ಹೋಮ್ ಬ್ಲೂಸ್’ ಇಲ್ಲಿ ವಿಶೇಷವಾಗಿ ಉಲ್ಲೇಖಾರ್ಹ. ಇಪ್ಪತ್ತರ ಪ್ರಾಯದವರು ಎಂಬತ್ತರ ಪ್ರಾಯದವರ ಅಳಲಿಗೆ ಬಾಯಾದರೆಂಬುದು ಅವರ ಕೋಪವು ಸ್ವಾರ್ಥದ್ದಲ್ಲವೆಂಬುದಕ್ಕೆ ಸಾಕ್ಷಿ. ರೌದ್ರದ ಒಡಲಲ್ಲಿ ಕರುಣವಿದ್ದಾಗ ಮಾತ್ರ ಅದು ಕಿರಿಚಾಟದಿಂದ ಬೇರೆಯಾಗುವುದು. ಸಂಕ್ಷೇಪವೂ ರಚನೆಯೂ ಸರಿದೂಗಿ ನಿಂತ ಈ ತಟ್ಟೆಯೇ ಮೇಳದ ಶ್ರೇಷ್ಠಕೃತಿಯೆಂದು ಹೇಳತಕ್ಕದ್ದು.

೧೯೮೭ರಲ್ಲಿ ಅವರ ‘ಕ್ರಾಸೋವರ್’ ಹೊರಬಂದಿತು. ಎರಡು ಸಂಗೀತಗಳ ಬೆರಕೆಗೆ ಆ ಹೆಸರು ನಿಲ್ಲುವುದಕ್ಕೆ ಈ ತಟ್ಟೆಯೂ ಕಾರಣವಾಯಿತು. ಇಲ್ಲಿ ಹಾಡುಗಳು ೧೨ ಮಾತ್ರ. ನುಡಿಸಾಣಿಕೆಯು ಹಿಂದಿನದಕ್ಕಿಂತ ಶುದ್ಧ, ಧ್ವನಿಯು ಗಟ್ಟಿ, ಕಟ್ಟೋಣವು ಭದ್ರ. ಮೆಟಲಿಗೆ ಮಾರಿಕೊಂಡರೆಂದು ಹಳೆಯ ಅಭಿಮಾನಿಗಳು ಇವರನ್ನು ಜರೆದರು. ಈ ಜರೆಯುವಿಕೆ ನ್ಯಾಯವಾದುದಲ್ಲ. ಕಲಾವಿದನು ಬೆಳೆಯಬಾರದೆಂದು ವಿಧಿಸುವ ಹಕ್ಕು ಅಭಿಮಾನಿಗೆಲ್ಲಿಯದು? ಮಾರುವುದು ಕೊಳ್ಳುವುದು ಇಲ್ಲಿಯ ಪ್ರಶ್ನೆಯೇ ಅಲ್ಲ, ಅಳತೆಯದೇ ಪ್ರಶ್ನೆ. ಗಿಟಾರಿನ ಒಂದೊಂದು ಪಂಕ್ತಿಯೂ ಚೆನ್ನಾಗಿದೆಯೆಂದು ಅದನ್ನು ಮರುಮರಳಿ ನುಡಿಸುವಾಗ ಕ್ರೋಧವು ತನ್ನ ಸರದಿಗಾಗಿ ಕಾಯಬೇಕಾಗುವುದು. ಕಾಯಬಲ್ಲ ಕ್ರೋಧವು ಕ್ರೋಧವಲ್ಲ, ಕಸುಬು. ಕಸುಬಿನ ನೈಪುಣ್ಯಕ್ಕೆ ಮೆಚ್ಚುಗೆ ಸಲ್ಲುವುದು. ಮೊದಲ ತಟ್ಟೆಯು ಎಬ್ಬಿಸಿದ ತಲ್ಲಣವು ಮಾತ್ರ ಅದರಿಂದ ಹುಟ್ಟದು.

ದೀರ್ಘವಾದ ಕ್ರೋಧಕ್ಕೆ ಬೇರೊಂದು ಆಸರೆಯಿದ್ದರೆ ಅದು ನಿಲ್ಲಬಲ್ಲದೆಂಬುದನ್ನು ನ್ಯೂಯಾರ್ಕಿನ ಕ್ರೋ-ಮ್ಯಾಗ್ಸ್ ಮೇಳದ ‘ದಿ ಏಜ್ ಆಫ್ ಕ್ವಾರಲ್’ ಎಂಬ ೧೯೮೬ರ ತಟ್ಟೆಯು ತೋರಿಸುವುದು. ಕನ್ನಡ ವಾಚಕರಿಗೆ ಈ ಹೆಸರು ಅಪರಿಚಿತವೆನಿಸಲಾರದು. ಕಲಿಯೆಂದರೆ ಕಲಹ, ಈ ಶೀರ್ಷಿಕೆಯು ಕಲಿಯುಗವೆಂಬ ಮಾತಿನ ಅನುವಾದವೇ ಆಗಿದೆ. ಅದೇ ನಗರದಲ್ಲಿ ೧೯೬೬ರಲ್ಲಿ ಸ್ಥಾಪಿತವಾದ ಕೃಷ್ಣಭಕ್ತಿಸಂಘದ ಪ್ರಭಾವವು ಗಾಯಕ ಜಾನ್ ಜೋಸೆಫ್, ಹಾರ್ಲಿ ಫ್ಲಾನಗನ್ ಇವರ ಮೇಲೆ ಬಿದ್ದುದರಿಂದ ಪುರಾಣದ ಮಾತು ನ್ಯೂಯಾರ್ಕಿನ ಬೀದಿಗೆ ಬಂದಿತು. ಮುಖಪುಟದ ಮೇಲೆ ಅಣುಬಾಂಬಿನ ಮೋಡ. ಒಳಗೆ ಬೀದಿಯ ಬಾಳಿನ ಕಠೋರತೆ. ಇಲ್ಲಿಯ ಕೋಪವು ಒಬ್ಬ ಅಧ್ಯಕ್ಷರ ಮೇಲಿನದಲ್ಲ, ಯುಗಧರ್ಮದ ಮೇಲಿನದು. ಆದುದರಿಂದಲೇ ಮೆಟಲಿನ ಭಾರವು ಇದಕ್ಕೆ ಹೊರೆಯಾಗದೆ ಒಪ್ಪಿದೆ. ವಸ್ತುವು ಹಿರಿದಾದಲ್ಲಿ ಹಿರಿಯ ಅಳತೆಯೂ ಉಚಿತವಾಗುವುದು.

ಇಂದು ಈ ತಟ್ಟೆಗಳ ಮೊದಲ ಅಚ್ಚಿನ ಪ್ರತಿಗಳನ್ನು ಸಂಗ್ರಾಹಕರು ಹೆಚ್ಚಿನ ಬೆಲೆ ತೆತ್ತು ಕೊಳ್ಳುತ್ತಿರುವರು. ೧,೦೦೦ ಪ್ರತಿಗಳಲ್ಲೊಂದನ್ನು ಕಾಪಾಡುವುದು ಒಳ್ಳೆಯ ಕೆಲಸವೇ. ಆದರೆ ವಿರಳತೆಯನ್ನೇ ಗುಣವೆಂದು ಭ್ರಮಿಸಬಾರದು. ಈ ಹುಡುಗರು ಕೆಲವೇ ಪ್ರತಿಗಳನ್ನು ಮಾಡಿಸಿದ್ದು ಅವು ವಿರಳವಾಗಲೆಂದಲ್ಲ, ಕೈಯಲ್ಲಿದ್ದ ಹಣ ಅಷ್ಟೇ ಆಗಿದ್ದುದರಿಂದ. ಗಾಜಿನ ಪೆಟ್ಟಿಗೆಯಲ್ಲಿ ಮುಳ್ಳು ತಾಕದೆ ಮಲಗಿರುವ ತಟ್ಟೆಗಿಂತ, ಪ್ರತಿಯಿಂದ ಪ್ರತಿಗೆ ಸವೆಯುತ್ತ ಸಾಗಿದ ಸೀಜ್ ಮೇಳದ ಕ್ಯಾಸೆಟ್ಟು ತನ್ನ ಧರ್ಮವನ್ನು ಹೆಚ್ಚಾಗಿ ನೆರವೇರಿಸಿತು. ಆ ಗಾಯಕ ಮಹೋನಿ ೨೦೧೧ರಲ್ಲಿ ತೀರಿಕೊಂಡನು. ಮೊದಲೈದು ಹಾಡುಗಳ ವೇಗವನ್ನು ಅನಂತರದವರು ಮೀರಿಸಿದ್ದಾರೆ. ಆರನೆಯ ಹಾಡಿನ ವಿಳಂಬವನ್ನು ಮೀರಿಸಿದವರು ವಿರಳ.