ಕೆನೆಯ ಕೆಳಗಿನ ದ್ರಾಕ್ಷಾರಸ

ವೈನ್ ಮಾರುವ ಕಸುಬಿಗೆ ಬಂದು ಇಪ್ಪತ್ತೆಂಟು ವರ್ಷವಾಯಿತು. ನನ್ನ ಅಂಗಡಿಯ ಕಪಾಟಿನಲ್ಲಿ ಹತ್ತಾರು ದೇಶಗಳ ಸೀಸೆಗಳಿವೆ. ಆದರೆ ಸಂಜೆ ಕೊನೆಯ ಗಿರಾಕಿ ಹೋದ ಮೇಲೆ ನನಗೆಂದು ಬಿರಡೆ ತೆಗೆಯುವುದು ಸ್ಪೇನಿನದನ್ನೇ, ಅದರಲ್ಲೂ ಹೆರೆಸ್ ಸೀಮೆಯ ಶೆರಿಯನ್ನು.

ಶೆರಿ ಎಂದೊಡನೆ ಸಿಹಿ ಪಾನಕವನ್ನು ನೆನೆಯುವವರಿಗೆ ನಾನು ಮೊದಲು ಕೊಡುವುದು ಫೀನೊ. ಎಳೆಬಿಸಿಲು ಬಿದ್ದ ಹುಲ್ಲಿನ ಬಣ್ಣ. ಮೂಗಿನ ಹತ್ತಿರ ತಂದರೆ ಹುಳಿತ ಹಿಟ್ಟಿನ, ಸಿಪ್ಪೆ ಸುಲಿದ ಹಸಿ ಬಾದಾಮಿಯ ಘಮ. ಬಾಯಲ್ಲಿ ಸಿಹಿಯ ಸುಳಿವೇ ಇಲ್ಲ. ಕಡಲಗಾಳಿ ತುಟಿಗೆ ಅಂಟಿಸಿ ಹೋಗುವಂಥ ನವಿರಾದ ಉಪ್ಪು. ಗುಟುಕು ಇಳಿದ ಮೇಲೂ ಆ ರುಚಿ ನಾಲಿಗೆಯ ಮೇಲೆ ನಿಂತೇ ಇರುತ್ತದೆ, ಬಹಳ ಹೊತ್ತು, ಹಗುರಾಗಿ.

ಹೆರೆಸ್ ಸೀಮೆಯ ನೆಲ ಬೇಸಿಗೆಯಲ್ಲಿ ಸುಣ್ಣ ಬಳಿದ ಗೋಡೆಯಂತೆ ಕಣ್ಣು ಕುಕ್ಕುತ್ತದೆ. ಅಲ್ಬರೀಸಾ ಎಂಬ ಈ ಬಿಳಿ ಮಣ್ಣು ಚಳಿಗಾಲದ ಮಳೆಯನ್ನು ಒಳಗೆ ಹೀರಿಕೊಂಡು, ಮಳೆಯಿಲ್ಲದ ತಿಂಗಳುಗಳಲ್ಲಿ ಬಳ್ಳಿಗೆ ಉಣಿಸುತ್ತದೆ. ಹಾಗೆ ಬೆಳೆದ ಪಾಲೊಮಿನೊ ದ್ರಾಕ್ಷಿ ಸಪ್ಪೆಯೇ. ಅದನ್ನು ಶೆರಿಯಾಗಿಸುವುದು ಗೋದಾಮು.

ಎತ್ತರದ ಚಾವಣಿ, ಹುಲ್ಲಿನ ಚಾಪೆ ಇಳಿಬಿಟ್ಟ ಕಿಟಕಿಗಳು, ಸೆಕೆಗೆ ನೀರು ಚಿಮುಕಿಸಿದ ಮಣ್ಣಿನ ನೆಲ. ಶೇಕಡಾ 15ರಷ್ಟು ಮದ್ಯಸಾರಕ್ಕೆ ಏರಿಸಿದ ವೈನನ್ನು ಓಕ್ ಪೀಪಾಯಿಗಳಲ್ಲಿ ಆರರಲ್ಲಿ ಐದು ಪಾಲು ಮಾತ್ರ ತುಂಬುತ್ತಾರೆ. ಬಿಟ್ಟ ಆ ಜಾಗದಲ್ಲಿ, ಹಾಲಿನ ಮೇಲೆ ಕೆನೆ ಕಟ್ಟಿದ ಹಾಗೆ, ಯೀಸ್ಟಿನ ಬೆಳ್ಳನೆಯ ಪದರ ಹರಡುತ್ತದೆ. ಅದಕ್ಕೆ ಅವರಿಟ್ಟ ಹೆಸರು ಫ್ಲೋರ್, ಅಂದರೆ ಹೂವು. ಗಾಳಿ ಸೋಕದಂತೆ ವೈನನ್ನು ಕಾಯುತ್ತ, ಒಳಗಿನ ಜಿಗುಟನ್ನೆಲ್ಲ ತಾನು ತಿಂದು ತೆಳ್ಳಗೆ, ಚುರುಕಾಗಿ ಉಳಿಸುವುದು ಈ ಹೂವೇ. ಇದು ಕದಡಬಾರದೆಂದು, ಬಾಗುವ ಉದ್ದನೆಯ ಕೋಲಿಗೆ ಕಟ್ಟಿದ ಕಿರಿದಾದ ಬಟ್ಟಲನ್ನು ಇಳಿಸಿ ವೈನ್ ಎತ್ತುತ್ತಾರೆ. ತಲೆಗಿಂತ ಮೇಲಿಂದ ಪುಟ್ಟ ಲೋಟಕ್ಕೆ ನೂಲಿನೆಳೆಯಂತೆ ಸುರಿಯುತ್ತಾರೆ. ಒಂದು ಹನಿ ಆಚೀಚೆ ಬೀಳುವುದಿಲ್ಲ!

ಆದರೆ ನನ್ನನ್ನು ಸೆರೆಹಿಡಿದದ್ದು ಸೊಲೇರಾ. ಪೀಪಾಯಿಗಳ ಸಾಲು ಸಾಲು. ಅತ್ಯಂತ ಹಳೆಯದಕ್ಕೆ ಸೊಲೇರಾ ಎಂದು ಹೆಸರು. ಸೀಸೆಗೆ ಹೋಗುವುದು ಅದರಿಂದಲೇ, ಅದೂ ಒಂದು ಪಾಲು ಮಾತ್ರ. ತೆಗೆದಷ್ಟನ್ನು ಅದಕ್ಕಿಂತ ಕಿರಿಯ ಸಾಲಿನಿಂದ ತುಂಬುತ್ತಾರೆ, ಆ ಸಾಲನ್ನು ಮತ್ತೂ ಕಿರಿಯದರಿಂದ. ಪೀಪಾಯಿ ಎಂದೂ ಪೂರ್ತಿ ಬರಿದಾಗುವುದಿಲ್ಲ. ನಿನ್ನೆಯ ಮೊಸರಿನಿಂದ ಇಂದಿನ ಹಾಲಿಗೆ ಹೆಪ್ಪು ಹಾಕುವ ಮನೆಗಳಲ್ಲಿ ಬೆಳೆದವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಹಳೆಯದು ಹೊಸದಕ್ಕೆ ರುಚಿ ಕಲಿಸುತ್ತದೆ, ಹೊಸದು ಹಳೆಯದಕ್ಕೆ ಉಸಿರು ಕೊಡುತ್ತದೆ.

ಹೂವು ಸತ್ತು ಗಾಳಿ ತಾಗಿದರೆ ಅದೇ ವೈನ್ ಜೇನುಬಣ್ಣಕ್ಕೆ ತಿರುಗಿ ಅಮೊಂತಿಯಾದೊ ಆಗುತ್ತದೆ: ಅಕ್ರೋಟು, ಹಳೆಯ ಮರದ ಪೆಟ್ಟಿಗೆಯ ಪರಿಮಳ. ಬಿಸಿಲಿಗೆ ಹರವಿ ಒಣಗಿಸಿದ ಪೆದ್ರೊ ಹಿಮೆನೆಸ್ ದ್ರಾಕ್ಷಿಯದಂತೂ ಕಪ್ಪಗೆ, ಮಂದವಾಗಿ, ಜೋನಿಬೆಲ್ಲದ ಹಾಗೆ ಲೋಟದ ಮೈಯನ್ನು ಹಿಡಿದುಕೊಂಡೇ ಇಳಿಯುತ್ತದೆ. ಅಂಜೂರ, ಒಣದ್ರಾಕ್ಷಿ, ಕಾಫಿ... ಒಂದು ಚಮಚದಷ್ಟು ಸಾಕು.

ಉತ್ತರದ ರಿಯೋಹದ ಕೆಂಪು ವೈನಿನಲ್ಲೂ ಇದೇ ತಾಳ್ಮೆ. ಗ್ರಾನ್ ರೆಸೆರ್ವಾ ಎನಿಸಿಕೊಳ್ಳಲು ಐದು ವರ್ಷ ಮಾಗಬೇಕು, ಅದರಲ್ಲಿ ಕನಿಷ್ಠ ಎರಡು ವರ್ಷ ಪೀಪಾಯಿಯಲ್ಲಿ. ಆರೊ ಪಟ್ಟಣದಲ್ಲಿ 1877ರಿಂದ ಇರುವ ಲೋಪೆಸ್ ದೆ ಎರೆದಿಯಾ ಮನೆತನ ಅದಕ್ಕಿಂತಲೂ ಹೆಚ್ಚು ಕಾಯುತ್ತದೆ. ಪೀಪಾಯಿಗಳನ್ನೂ ಅವರೇ ಕಟ್ಟಿಕೊಳ್ಳುತ್ತಾರೆ. ಮುಂಚೆಯೇ ಕಾದು, ಕುಡಿಯುವ ಹದಕ್ಕೆ ತಂದು ನಮ್ಮ ಕೈಗಿಡುವ ಈ ಔದಾರ್ಯ ನನಗೆ ಬೇರೆಲ್ಲೂ ಇಷ್ಟು ಸಿಕ್ಕಿಲ್ಲ.

ಶುರುಮಾಡುವವರು ಫೀನೊದಿಂದಲೇ ಮಾಡಿ. ಚೆನ್ನಾಗಿ ತಣ್ಣಗಿರಲಿ, ಜೊತೆಗೆ ಉಪ್ಪು ಹಾಕಿ ಹುರಿದ ಬಾದಾಮಿ ಇರಲಿ. ಬಿರಡೆ ತೆಗೆದ ಸೀಸೆಯನ್ನು ವಾರದೊಳಗೆ ಮುಗಿಸಿ. ಸೀಸೆಯಲ್ಲಿ ಅದಕ್ಕೆ ಕೆನೆಯ ಕಾವಲಿಲ್ಲ.