ಎಡಪುಟದ ಕಾಗದ

ಮೂರು ವಾರ ಒಂದೇ ಲೇಖನದ ಮೊದಲ ಸಾಲಿಗೆ ತಡಕಾಡಿದೆ. ಬರೆಯುವುದು, ಹೊಡೆದುಹಾಕುವುದು, ಹಾಳೆ ಹರಿಯುವುದು. ಕೊನೆಗೆ ಅದನ್ನು ಪಕ್ಕಕ್ಕಿಟ್ಟು ಧಾರವಾಡದ ಅಕ್ಕನಿಗೆ ಕಾಗದ ಬರೆಯಲು ಕೂತೆ. ‘ಉಭಯ ಕುಶಲೋಪರಿ ಸಾಂಪ್ರತ’ ಎಂದು ಬರೆದದ್ದೇ ತಡ, ಕೈ ತಾನಾಗಿ ಓಡಿತು. ಹಿತ್ತಲ ಕರಿಬೇವು, ಮೊಮ್ಮಗನ ಮುರಿದ ಹಲ್ಲು, ನಿಂತುಹೋದ ಲೇಖನದ ಸಂಕಟ, ನಾಲ್ಕು ಪುಟ ತುಂಬಿದ್ದು ಗೊತ್ತೇ ಆಗಲಿಲ್ಲ.

ನಮ್ಮ ಹಿರಿಯರ ಒಕ್ಕಣೆಯ ಬೆಲೆ ನನಗೆ ಅವತ್ತು ತಿಳಿಯಿತು. ಮೊದಲ ಸಾಲು ಯಾರೋ ಆಗಲೇ ಬರೆದಿಟ್ಟದ್ದು. ಅದರಲ್ಲಿ ಜಾಣತನ ತೋರಿಸಬೇಕಿಲ್ಲ. ಅಷ್ಟು ಹೊತ್ತಿಗೆ ಕೈ ಬೆಚ್ಚಗಾಗಿರುತ್ತದೆ, ಎದುರಿಗೆ ಒಬ್ಬರ ಮುಖ ಬಂದು ಕೂತಿರುತ್ತದೆ.

ಅಮೆರಿಕದ ಕಾದಂಬರಿಕಾರ ಜಾನ್ ಸ್ಟೈನ್‌ಬೆಕ್ ಇದನ್ನೇ ದಿನಚರಿ ಮಾಡಿಕೊಂಡಿದ್ದರು. 1951ರಲ್ಲಿ ‘ಈಸ್ಟ್ ಆಫ್ ಈಡನ್’ ಬರೆಯುವಾಗ ಅವರ ಮುಂದಿದ್ದದ್ದು ಒಂದು ದೊಡ್ಡ ನೋಟ್‌ಬುಕ್. ಬಲಪುಟದಲ್ಲಿ ಕಾದಂಬರಿ; ಎಡಪುಟದಲ್ಲಿ, ಅದಕ್ಕೂ ಮೊದಲು, ಸಂಪಾದಕ ಮಿತ್ರ ಪ್ಯಾಸ್ಕಲ್ ಕೊವಿಚಿಗೆ ಕಾಗದ. ಜನವರಿ ಕೊನೆಯಿಂದ ನವೆಂಬರ್ 1ರವರೆಗೆ ಇದೇ ಕ್ರಮ. ಆ ಕಾಗದಗಳಲ್ಲಿ ಕಥೆಯ ಚಿಂತೆಯಷ್ಟೇ ಪ್ರೀತಿಯಿಂದ ಪೆನ್ಸಿಲ್‌ಗಳ ಮಾತಿದೆ. ಆರು ಮೂಲೆಯ ಪೆನ್ಸಿಲ್ ದಿನವಿಡೀ ಬರೆದರೆ ಬೆರಳು ಕೊರೆಯುತ್ತದೆಂದು ದುಂಡನೆಯದನ್ನೇ ಹಿಡಿಯುತ್ತಿದ್ದರು. ರಬ್ಬರಿನ ತಗಡು ಕೈಗೆ ತಗುಲುವಷ್ಟು ಮೋಟಾದರೆ ಅದು ಗಂಡುಮಕ್ಕಳ ಪಾಲು. ಅವರು ತೀರಿಕೊಂಡ ಮರುವರ್ಷ, 1969ರಲ್ಲಿ, ಈ ಕಾಗದಗಳೇ ಪುಸ್ತಕವಾಗಿ ಬಂದವು. ನಾನು ಕಾದಂಬರಿಗಿಂತ ಹೆಚ್ಚು ಸಲ ಓದಿರುವುದು ಅದನ್ನು.

ಇಂಗ್ಲಿಷ್ ಕಾದಂಬರಿಕಾರ ಆಂಥನಿ ಟ್ರೊಲೊಪ್ ಗಡಿಯಾರ ಮುಂದಿಟ್ಟುಕೊಂಡು ಕಾಲು ಗಂಟೆಗೆ 250 ಪದ ಬರೆಯುತ್ತಿದ್ದರಂತೆ. ದೊಡ್ಡ ಶಿಸ್ತು, ಒಪ್ಪುತ್ತೇನೆ. ಆದರೆ ಬರವಣಿಗೆ ಕಟ್ಟಿಹೋದವನಿಗೆ ಗಡಿಯಾರ ಇನ್ನಷ್ಟು ಹೆದರಿಕೆ ಹುಟ್ಟಿಸುತ್ತದೆ. ಅವನ ಕೈ ಕಟ್ಟಿರುವುದು ಸೋಮಾರಿತನವಲ್ಲ. ಕಾಣದ ಸಾವಿರ ಓದುಗರ ಮುಂದೆ ಒಮ್ಮೆಗೇ ನಿಂತ ಅಳುಕು. ಕಾಗದಕ್ಕೆ ಓದುಗರು ಒಬ್ಬರೇ. ನನ್ನ ತಪ್ಪುಗಳನ್ನು ಚಿಕ್ಕಂದಿನಿಂದ ಕಂಡವರು.

ಈಗ ನಾನೂ ಇನ್ನೂರು ಪುಟದ ಗೆರೆಯಿಲ್ಲದ ಪುಸ್ತಕ ಇಟ್ಟುಕೊಂಡಿದ್ದೇನೆ. ಬೆಳಗಿನ ಕಾಫಿ ಮುಗಿದ ಮೇಲೆ ಇಂಕು ತುಂಬಿ, ಎಡಪುಟದಲ್ಲಿ ಅಕ್ಕನ ಕ್ಷೇಮ ವಿಚಾರಿಸುತ್ತೇನೆ. ನಿಬ್ಬು ಕಾಗದವನ್ನು ಸವರುವ ಸಣ್ಣ ಸದ್ದು ಮತ್ತೆ ಕಿವಿಗೆ ಬೀಳುತ್ತಿದೆ. ಎಷ್ಟು ದಿನವಾಗಿತ್ತು ಅದನ್ನು ಕೇಳಿ! ಇಂದಿನ ಎಡಪುಟ ಮಾವಿನ ಮಿಡಿಯ ಉಪ್ಪಿನಕಾಯಿಯ ಬಗ್ಗೆ. ಉಪ್ಪು ಎಷ್ಟು ದಿನ ಹೀರಬೇಕೆಂದು ಅಕ್ಕನನ್ನು ಕೇಳಿ, ಬಲಪುಟಕ್ಕೆ ಬಂದು ಈ ಅಂಕಣ ಬರೆದೆ.